ಚಿನಕುರಳಿಯಿಂದ ಕಲ್ಕತ್ತೆಯವರೆಗೆ ಒಂದು ಮನೆತನ

1771ರ ಮಾರ್ಚ್ ತಿಂಗಳು. ಪೇಶ್ವೆಯ ಸೇನಾಪತಿ ತ್ರ್ಯಂಬಕರಾವ್ ಮಾಮಾನ ದಂಡು ಮೇಲುಕೋಟೆಯ ಸುತ್ತ ಬೀಡುಬಿಟ್ಟು ಹೈದರ್ ಅಲಿಯನ್ನು ಬೆಟ್ಟಗಳ ನಡುವೆ ಕಟ್ಟಿಹಾಕಿತ್ತು. ದಿನಗಟ್ಟಲೆ ಗುಂಡಿನ ಮಳೆ ತಡೆದುಕೊಂಡ ಹೈದರ್, ಕೊನೆಗೊಂದು ರಾತ್ರಿ ಸದ್ದಿಲ್ಲದೆ ಶ್ರೀರಂಗಪಟ್ಟಣಕ್ಕೆ ಜಾರಿಕೊಳ್ಳಲು ಹೊರಟ. ರಾಜಧಾನಿ ದೂರವೇನಿಲ್ಲ, ಒಂದು ರಾತ್ರಿಯ ನಡಿಗೆ. ಆದರೆ ಗುಟ್ಟು ಉಳಿಯಲಿಲ್ಲ. ಇಂದಿನ ಪಾಂಡವಪುರ ತಾಲ್ಲೂಕಿನ ಚಿನಕುರಳಿಯ ಹತ್ತಿರ ಬೆಳಕು ಹರಿಯುವಷ್ಟರಲ್ಲಿ ಮರಾಠ ಕುದುರೆ ಸವಾರರು ಬಂದು ಬಿದ್ದರು. ಮೈಸೂರಿನ ಸೈನ್ಯ ಚೆಲ್ಲಾಪಿಲ್ಲಿಯಾಯಿತು. ಹೈದರ್ ಕುದುರೆಯೇರಿ ಹೇಗೋ ಪಟ್ಟಣ ಮುಟ್ಟಿದ. ಇಪ್ಪತ್ತರ ಆಸುಪಾಸಿನಲ್ಲಿದ್ದ ಮಗ ಟಿಪ್ಪು ಭಿಕ್ಷುಕನ ವೇಷ ಹಾಕಿಕೊಂಡು ಶತ್ರುಗಳ ನಡುವೆಯೇ ನುಸುಳಿ ಮನೆ ಸೇರಿದ. ಅಂದು ಮಗ ತಡಮಾಡಿ ಬಂದನೆಂದು, ಕುಡಿದ ಮತ್ತಿನಲ್ಲಿದ್ದ ತಂದೆ ಅವನನ್ನು ಎಲ್ಲರೆದುರು ಹೊಡೆದಿದ್ದನೆಂದೂ, ಆ ಸಿಟ್ಟಿಗೆ ಮಗ ಇಡೀ ದಿನ ಕತ್ತಿ ಹಿಡಿಯಲಿಲ್ಲವೆಂದೂ ಇತಿಹಾಸಕಾರ ವಿಲ್ಕ್ಸ್ ಬರೆಯುತ್ತಾನೆ.

ಆ ಬೆಳಗ್ಗೆ ಸತ್ತವರಲ್ಲಿ ಲಾಲಾ ಮಿಯಾ ಎಂಬ ಸರದಾರನಿದ್ದ. ಅವನಿಗೆ ಬುರ್ಹಾನುದ್ದೀನ್ ಎಂಬ ಮಗ, ರುಖಯ್ಯಾ ಬಾನು ಎಂಬ ಮಗಳು.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ನೆಲದ ಮೇಲೆ ಅಲ್ಲಿಂದ ಮುಂದೆ ಇಪ್ಪತ್ತೆಂಟು ವರ್ಷ ದಂಡುಗಳು ಬಂದವು, ಹೋದವು. ಶಾಲೆಯ ಪುಸ್ತಕದಲ್ಲಿ ಈ ಕಾಲ ಮೂರನೆಯ ಮೈಸೂರು ಯುದ್ಧ, ನಾಲ್ಕನೆಯ ಮೈಸೂರು ಯುದ್ಧ ಎಂಬ ಹೆಸರುಗಳಲ್ಲಿ, ಒಪ್ಪಂದಗಳ ಷರತ್ತುಗಳಲ್ಲಿ ಮುಗಿದುಹೋಗುತ್ತದೆ. ಆದರೆ ಯುದ್ಧ ನಡೆದದ್ದು ಮನೆಗಳ ನಡುವೆ. ಲಾಲಾ ಮಿಯಾನ ಮನೆತನವೊಂದನ್ನೇ ಹಿಡಿದು ಹೊರಟರೂ ಆ ಇಪ್ಪತ್ತೆಂಟು ವರ್ಷದ ಕಥೆ ಕಣ್ಣಿಗೆ ಕಟ್ಟುತ್ತದೆ. ಗ್ರೀಸ್ ದೇಶದವರು ಈ ದಾರಿಯನ್ನು ಚೆನ್ನಾಗಿ ಬಲ್ಲರು. 1922ರ ಸೆಪ್ಟೆಂಬರಿನಲ್ಲಿ ಸುಟ್ಟುಹೋದ ಸ್ಮಿರ್ನಾ ನಗರದ ದುರಂತವನ್ನು ಹೇಳಲು ಮಿಮಿ ಡೆನಿಸಿ ಎಂಬ ನಟಿ-ಲೇಖಕಿ ಆರಿಸಿಕೊಂಡದ್ದು ಸೇನಾಧಿಪತಿಯೊಬ್ಬನನ್ನಲ್ಲ, ಒಂದು ಗ್ರೀಕ್ ಕುಟುಂಬವನ್ನು. 2021ರಲ್ಲಿ ಅದು ‘ನನ್ನ ಪ್ರೀತಿಯ ಸ್ಮಿರ್ನಾ’ ಎಂಬ ಅರ್ಥದ ಹೆಸರಿನಲ್ಲಿ ಸಿನಿಮಾ ಆಗಿ ಬಂತು. ಊಟದ ಮೇಜು, ಮದುವೆಯ ಮಾತುಕತೆ, ಬಂದರಿನ ಕಡೆಗೆ ಓಡುವ ಹೆಂಗಸರು, ಮಕ್ಕಳು. ಶ್ರೀರಂಗಪಟ್ಟಣಕ್ಕೂ ಅಂಥದ್ದೊಂದು ಕಥೆಯಿದೆ. ಅದನ್ನು ಕಟ್ಟಿ ಬರೆಯಬೇಕಾದ ಅಗತ್ಯವೂ ಇಲ್ಲ, ದಾಖಲೆಗಳಲ್ಲೇ ಇದೆ.

ಚಿನಕುರಳಿಯಲ್ಲಿ ಗೆದ್ದ ಮರಾಠರು ಮೇಲುಕೋಟೆಗೆ ನುಗ್ಗಿದರು. ಊರಿನ ಬ್ರಾಹ್ಮಣರು ಮನೆ ಬಿಟ್ಟು ಹೋಗಿದ್ದರು. ದೇವರ ಮರದ ತೇರುಗಳಲ್ಲಿ ಕಬ್ಬಿಣದ ಪಟ್ಟಿಗಳಿದ್ದವು. ಆ ಕಬ್ಬಿಣ ಬಿಡಿಸಿಕೊಳ್ಳಲು ತೇರಿಗೇ ಬೆಂಕಿ ಇಟ್ಟರು, ಬೆಂಕಿ ಪಕ್ಕದ ಕಟ್ಟಡಗಳಿಗೂ ಹಬ್ಬಿತು ಎಂದು ಹಳೆಯ ಗೆಜೆಟಿಯರ್ ದಾಖಲಿಸಿದೆ. ಚೆಲುವನಾರಾಯಣನ ಊರನ್ನು ಸುಟ್ಟವರು ಅದೇ ದೇವರಿಗೆ ಕೈಮುಗಿಯುವವರೇ ಆಗಿದ್ದರು ಎಂಬುದನ್ನು ಮರೆಯಬಾರದು. ದಂಡಿಗೆ ಬೇಕಾದದ್ದು ಕಬ್ಬಿಣ, ಮೇವು, ಕಾಳು. ಅದು ಯಾರ ಮನೆಯದು, ಯಾವ ದೇವರದು ಎಂದು ಕೇಳುವ ಪದ್ಧತಿ ಅಂದಿನ ಯಾವ ಸೈನ್ಯದಲ್ಲೂ ಇರಲಿಲ್ಲ.

ಮೂರು ವರ್ಷಗಳ ಮೇಲೆ, 1774ರಲ್ಲಿ, ಟಿಪ್ಪುವಿಗೆ ಒಂದೇ ರಾತ್ರಿ ಎರಡು ಮದುವೆಯಾಯಿತು. ತಂದೆ ಹೈದರ್ ಗೊತ್ತುಮಾಡಿದ್ದ ಹೆಣ್ಣು ಇಮಾಮ್ ಸಾಹೇಬ್ ಬಕ್ಷಿಯ ಮಗಳು. ತಾಯಿ ಫಾತಿಮಾ ಬೇಗಂ ಮತ್ತು ಅಂತಃಪುರದ ಹೆಂಗಸರಿಗೆ ಮನಸ್ಸಾದದ್ದು ಚಿನಕುರಳಿಯಲ್ಲಿ ಮಡಿದ ಲಾಲಾ ಮಿಯಾನ ಮಗಳು. ಇಬ್ಬರ ಮಾತೂ ನಡೆಯಿತು. ಹೀಗೆ ತಂದೆಯಿಲ್ಲದ ರುಖಯ್ಯಾ ಬಾನು ಶ್ರೀರಂಗಪಟ್ಟಣದ ಅರಮನೆಯ ಸೊಸೆಯಾದಳು. ಅಣ್ಣನ ನಂಟೂ ಅರಮನೆಗೆ ಅಂಟಿತು. ಬುರ್ಹಾನುದ್ದೀನ್ ಮುಂದೆ ಟಿಪ್ಪುವಿನ ನೆಚ್ಚಿನ ಸೇನಾನಾಯಕರಲ್ಲಿ ಒಬ್ಬನಾದ.

ಅದೇ ಕೋಟೆಯೊಳಗೆ ಇನ್ನೊಂದು ಮನೆಯೂ ಇತ್ತು. ಇಮ್ಮಡಿ ಕೃಷ್ಣರಾಜ ಒಡೆಯರ ವಿಧವೆ ಲಕ್ಷ್ಮಮ್ಮಣ್ಣಿಯ ಮನೆ. 1766ರಲ್ಲಿ ಗಂಡ ತೀರಿಕೊಂಡ. 1770ರಲ್ಲಿ ನಂಜರಾಜ ಒಡೆಯರು, 1776ರಲ್ಲಿ ಬೆಟ್ಟದ ಚಾಮರಾಜ ಒಡೆಯರು ಹೋದರು. ಸಿಂಹಾಸನ ಹೆಸರಿಗೆ ಒಡೆಯರದು, ಖಜಾನೆ ಮತ್ತು ಕತ್ತಿ ಹೈದರನದು. ದಸರಾ ದಿನ ಜನಕ್ಕೆ ದರ್ಶನ ಕೊಡಲು ಅರಸ, ಉಳಿದ ದಿನ ಕಾವಲು. ಈ ಕಾವಲಿನೊಳಗಿಂದಲೇ ರಾಣಿ ಪತ್ರವ್ಯವಹಾರ ನಡೆಸಿದಳು. ತಿರುಮಲರಾವ್, ನಾರಾಯಣರಾವ್ ಎಂಬ ಸೋದರರು ಅವಳ ಪರವಾಗಿ ಇಂಗ್ಲಿಷರ ಬಾಗಿಲು ತಟ್ಟಿದರು. 1782ರ ಅಕ್ಟೋಬರಿನಲ್ಲಿ ತಂಜಾವೂರಿನಲ್ಲಿ ಒಂದು ಕರಾರೂ ಆಯಿತು. ರಾಜ್ಯ ಮರಳಿ ಕೊಡಿಸಿದರೆ ಕಂಪನಿಗೆ ಇಷ್ಟಿಷ್ಟು ಹಣ ಎಂಬ ಕರಾರು. ಮಾರನೆಯ ವರ್ಷ, ಹೈದರ್ ಸತ್ತು ಟಿಪ್ಪು ಪಟ್ಟಕ್ಕೆ ಬಂದ ಮೇಲೆ, ಶ್ರೀರಂಗಪಟ್ಟಣದ ಕೋಟೆಯೊಳಗೇ ಒಂದು ಪಿತೂರಿ ಎದ್ದು ಮುರಿದುಬಿತ್ತು. ಅದರ ಮುಂದಾಳೆನ್ನಲಾದ ಅಂಚೆ ಶಾಮಯ್ಯ ಸೆರೆಯಾದ.

ಈ ಪಿತೂರಿಗಳ ಬೆಲೆಯನ್ನು ತೆತ್ತವರಲ್ಲಿ ಮೇಲುಕೋಟೆಯ ಮನೆಗಳೂ ಸೇರಿದವು. ತಿರುಮಲರಾವ್‌ನ ಬಂಧುಬಳಗವೆಂಬ ಕಾರಣಕ್ಕೆ ಮಂಡಯಂ ಅಯ್ಯಂಗಾರರನ್ನು ಟಿಪ್ಪು ಕೊಲ್ಲಿಸಿದನೆಂಬ ನೆನಪು ಆ ಸಮುದಾಯದಲ್ಲಿ ಗಟ್ಟಿಯಾಗಿದೆ. ಯಾವ ವರ್ಷ, ಎಷ್ಟು ಜನ ಎಂಬಲ್ಲಿ ಇತಿಹಾಸಕಾರರು ಒಪ್ಪುವುದಿಲ್ಲ, ಘಟನೆಯನ್ನೇ ಪ್ರಶ್ನಿಸುವವರೂ ಇದ್ದಾರೆ. ಆದರೆ ಊರೆಲ್ಲ ಹಂಡೆಗೆ ನೀರು ತುಂಬಿ ಎಣ್ಣೆಸ್ನಾನಕ್ಕೆ ಅಣಿಯಾಗುವ ನರಕಚತುರ್ದಶಿಯ ದಿನ ಆ ಮನೆತನಗಳಲ್ಲಿ ಇಂದಿಗೂ ಹಬ್ಬವಿಲ್ಲ. ತಲೆಮಾರುಗಳಿಂದ ನಡೆದು ಬಂದ ಈ ಪದ್ಧತಿಯನ್ನು ಇತಿಹಾಸ ಬರೆಯುವವರು ಗೌರವದಿಂದ ಕೇಳಿಸಿಕೊಳ್ಳಬೇಕು.

ಯುದ್ಧದ ರಾಜಧಾನಿಗೆ ಜನ ಬೇಕು, ಕಸುಬುದಾರರು ಬೇಕು. ಶ್ರೀರಂಗಪಟ್ಟಣ ದ್ವೀಪದ ಪೂರ್ವದಲ್ಲಿ ಗಂಜಾಂ ಎಂಬ ಪೇಟೆ ಎದ್ದದ್ದು ಹಾಗೆ. ಅದನ್ನು ತುಂಬಲು ಟಿಪ್ಪು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಕರೆಸಿದನೆಂದು ಗೆಜೆಟಿಯರ್ ಹೇಳುತ್ತದೆ. ಹೊಲ, ಮನೆ, ಬಾವಿ ಬಿಟ್ಟು ಗಾಡಿ ಕಟ್ಟಿಕೊಂಡು ಬಂದವರ ಹೆಸರು ಎಲ್ಲಿಯೂ ಉಳಿದಿಲ್ಲ. ಇತ್ತ ಉತ್ತರಕ್ಕೆ ಹಿರೋಡೆಯ ಬಂಡೆಗಳ ಬಳಿ ಹೈದರ್, ಟಿಪ್ಪುಗಳ ಸೇವೆಯಲ್ಲಿದ್ದ ಫ್ರೆಂಚರ ಪಾಳೆಯ. ಅದರಿಂದಲೇ ಆ ಊರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂತು. ಪಾಂಡವಪುರ ಎಂದು ಕರೆಯುವ ರೂಢಿ ಬಹಳ ಈಚಿನದು.

1790ರಲ್ಲಿ ಮೂರನೆಯ ಯುದ್ಧ ಹೊತ್ತಿಕೊಂಡಿತು. ಆ ವರ್ಷವೇ ಸತ್ಯಮಂಗಲದ ಹತ್ತಿರದ ಕಾಳಗದಲ್ಲಿ ಬುರ್ಹಾನುದ್ದೀನ್ ಸತ್ತ. ತಂದೆಯ ಹಾಗೆಯೇ ಅಣ್ಣನೂ ರಣದಲ್ಲೇ ಹೋದ ಸುದ್ದಿ ರುಖಯ್ಯಾ ಬಾನುವಿಗೆ ತಲುಪಿದಾಗ ಅವಳ ಮಗ ಮುಯಿಜುದ್ದೀನ್‌ಗೆ ಆರೇಳು ವರ್ಷ.

ಮಾರನೆಯ ವರ್ಷ ಬೆಂಗಳೂರು ಬಿತ್ತು. ಇಂಗ್ಲಿಷ್ ದಂಡಿನ ನಾಯಕ ಲಾರ್ಡ್ ಕಾರ್ನ್‌ವಾಲಿಸ್ ನೇರವಾಗಿ ರಾಜಧಾನಿಗೆ ನುಗ್ಗಿದ. 1791ರ ಮೇ 15ರಂದು ಅರಕೆರೆಯ ಬಳಿ ಟಿಪ್ಪುವನ್ನು ಹಿಮ್ಮೆಟ್ಟಿಸಿದ. ಆದರೆ ಹೊಟ್ಟೆ ಸೋತಿತ್ತು. ಇಂಗ್ಲಿಷರಿಗೆ ಸಿಗಬಾರದೆಂದು ಟಿಪ್ಪು ದಾರಿಯುದ್ದಕ್ಕೂ ಮೇವು, ಧಾನ್ಯ ಸುಡಿಸಿದ್ದ. ಮುಂಗಾರು ಮೊದಲೇ ಇಳಿದಿತ್ತು, ಎತ್ತುಗಳು ಸಾವಿರಗಟ್ಟಲೆ ಸತ್ತವು, ದಂಡಿನಲ್ಲಿ ಸಿಡುಬು. ಕೊಡಗಿನ ಕಡೆಯಿಂದ ಬರುತ್ತಿದ್ದ ಸೈನ್ಯವನ್ನು ಕೂಡಿಕೊಳ್ಳಲೆಂದು ಕನ್ನಂಬಾಡಿಗೆ ಸರಿದ ಕಾರ್ನ್‌ವಾಲಿಸ್‌ಗೆ ಮುಂದೆ ಹೆಜ್ಜೆ ಇಡಲಾಗಲಿಲ್ಲ. ಎಳೆಯಲು ಎತ್ತಿಲ್ಲದ ಭಾರಿ ತೋಪುಗಳನ್ನು ಮೇ 22ರಂದು ತಾನೇ ಒಡೆಸಿಹಾಕಿ ಬೆಂಗಳೂರಿನ ದಾರಿ ಹಿಡಿದ. ಶತ್ರುವಿನ ಸೈನ್ಯವನ್ನು ಹಸಿವಿಗೆ ಕೆಡವಿದ ಉಪಾಯವೇನೋ ಫಲಿಸಿತು, ಸುಟ್ಟದ್ದು ಮಾತ್ರ ತನ್ನದೇ ಪ್ರಜೆಗಳ ಒಕ್ಕಲುತನ.

ಹಿಮ್ಮೆಟ್ಟುವ ದಾರಿಯಲ್ಲಿ, ಮೇಲುಕೋಟೆಯ ಕಡೆಯಿಂದ ಕುದುರೆ ಸವಾರರ ಧೂಳೆದ್ದಿತು. ಟಿಪ್ಪುವಿನ ದಂಡೆಂದು ಇಂಗ್ಲಿಷರು ಗುಂಡು ಹಾರಿಸಲು ತಯಾರಾದರು. ಬಂದವರು ಮಿತ್ರರಾದ ಮರಾಠರು. ಹರಿಪಂತ್ ಫಡಕೆ, ಪರಶುರಾಮ ಭಾವು ಪಟವರ್ಧನ್. ಹಸಿದಿದ್ದ ಇಂಗ್ಲಿಷ್ ದಂಡು ಮರಾಠರ ಬಜಾರಿನಲ್ಲಿ ದುಬಾರಿ ಬೆಲೆ ಕೊಟ್ಟು ಕಾಳು ಕೊಂಡಿತು. ಆ ಬಜಾರನ್ನು ವಿಲ್ಕ್ಸ್ ಬೆರಗಿನಿಂದ ಬಣ್ಣಿಸುತ್ತಾನೆ. ಇಂಗ್ಲೆಂಡಿನ ಉಣ್ಣೆಬಟ್ಟೆ, ಕಾಶ್ಮೀರದ ಶಾಲು, ಒಳ್ಳೆಯ ನೀರಿನ ವಜ್ರ ಎಲ್ಲವೂ ಅಲ್ಲಿ ಮಾರಾಟಕ್ಕಿದ್ದವು. ಜೊತೆಗೆ ಕೊಳ್ಳೆಹೋದ ಯಾವುದೋ ಬಡ ಹಳ್ಳಿ ಹುಡುಗಿಯ ಕಿವಿಯ ಬೆಳ್ಳಿ ಓಲೆಯೂ ಇತ್ತು. ಆ ಹುಡುಗಿ ಯಾವ ಊರಿನವಳೋ. ಸಂಪುಟಗಟ್ಟಲೆ ಯುದ್ಧ ವರದಿಗಳಲ್ಲಿ ಅವಳಿಗೆ ಸಿಕ್ಕ ಜಾಗ ಆ ಒಂದು ಓಲೆಯಷ್ಟೇ.

ನಾಗಮಂಗಲದ ಪಾಲು ಇನ್ನೂ ದೊಡ್ಡದು. 1792ರ ಕಾಳಗದ ದಿನಗಳಲ್ಲಿ ಮರಾಠರು ಆ ಊರನ್ನು ಸುಟ್ಟರು. ತಾಳೆ ಜಾತಿಯ 1,50,000 ಮರಗಳು ಆಗ ನಾಶವಾದವೆಂಬ ಹೇಳಿಕೆಯನ್ನು ಗೆಜೆಟಿಯರ್ ಉಳಿಸಿಕೊಂಡಿದೆ. ಸಂಖ್ಯೆ ಉತ್ಪ್ರೇಕ್ಷೆಯೇ ಇರಬಹುದು. ಹತ್ತರಲ್ಲಿ ಒಂದು ಪಾಲು ನಿಜವಾದರೂ ಅದು ಒಂದು ಸೀಮೆಯ ತಲೆಮಾರಿನ ಗಳಿಕೆ. ರಾಗಿ ಸುಟ್ಟರೆ ಮುಂದಿನ ಮಳೆಗೆ ಮತ್ತೆ ಬಿತ್ತಬಹುದು. ಅಜ್ಜ ನೆಟ್ಟ ಮರ ಉರುಳಿದರೆ ಮೊಮ್ಮಗನ ಕಾಲಕ್ಕೂ ತೋಟ ತಲೆಯೆತ್ತುವುದಿಲ್ಲ.

1792ರ ಫೆಬ್ರವರಿ 5ರಂದು ಕಾರ್ನ್‌ವಾಲಿಸ್ ಮತ್ತೆ ಬಂದ. ಈ ಬಾರಿ ಎತ್ತು, ಕಾಳು, ತೋಪು ಎಲ್ಲಕ್ಕೂ ತಯಾರಿ ಮಾಡಿಕೊಂಡೇ ಬಂದಿದ್ದ. ಹಿರೋಡೆಯ ಬಂಡೆಗಳ ಬಳಿ ಪಾಳೆಯ. ಮರುದಿನ ರಾತ್ರಿ ಬೆಳುದಿಂಗಳಲ್ಲಿ ಮೂರು ಸಾಲಾಗಿ ದಾಳಿ. ಕರಿಘಟ್ಟದ ಬೆಟ್ಟ ಕೈಬಿಟ್ಟಿತು. ಇಂಗ್ಲಿಷ್ ಸಿಪಾಯಿಗಳು ಕಾವೇರಿ ದಾಟಿ ದ್ವೀಪಕ್ಕೇ ಕಾಲಿಟ್ಟರು. ಲಾಲ್‌ಬಾಗ್, ದರಿಯಾ ದೌಲತ್ ತೋಟ ಶತ್ರುವಿನ ವಶವಾದವು. ಹೈದರನ ಗೋರಿಯಿದ್ದ ಲಾಲ್‌ಬಾಗಿನ ಸಾಲು ಮರಗಳನ್ನು ಕಡಿದು ಮುತ್ತಿಗೆಗೆ ಕಟ್ಟಿಗೆಯ ಕಟ್ಟುಗಳನ್ನು ಮಾಡಿದರು, ಪಕ್ಕದ ಮಹಲು ಗಾಯಾಳುಗಳ ಆಸ್ಪತ್ರೆಯಾಯಿತು.

ಕೋಟೆಯೊಳಗಿನ ಅಂತಃಪುರಕ್ಕೆ ಈ ಎಲ್ಲ ಸದ್ದು ಕೇಳುತ್ತಿತ್ತು. ದಾಳಿಯ ಕೆಲವೇ ದಿನಗಳಲ್ಲಿ ರುಖಯ್ಯಾ ಬಾನು ತೀರಿಕೊಂಡಳು. ಗುಂಡು ತಗುಲಿದ್ದಲ್ಲ, ಭಯ ಮತ್ತು ಆತಂಕದಿಂದ ಸತ್ತಳೆಂದು ಕಾರ್ನ್‌ವಾಲಿಸ್‌ನ ಪಾಳೆಯದಲ್ಲೇ ಇದ್ದ ಮೇಜರ್ ಡೈರೋಮ್ ತನ್ನ ಯುದ್ಧಕಥನದಲ್ಲಿ ಬರೆದಿದ್ದಾನೆ. ಸುಂದರಿ, ನಾಜೂಕು ದೇಹದವಳು, ಸತ್ಯಮಂಗಲದಲ್ಲಿ ಮಡಿದ ಬುರ್ಹಾನುದ್ದೀನನ ತಂಗಿ ಎಂಬಷ್ಟು ವಿವರವನ್ನು ಶತ್ರುವಿನ ಲೇಖನಿಯೇ ನಮಗೆ ಕೊಟ್ಟಿದೆ. ತಂದೆಯನ್ನು ಚಿನಕುರಳಿ, ಅಣ್ಣನನ್ನು ಸತ್ಯಮಂಗಲ, ಅವಳನ್ನು ಶ್ರೀರಂಗಪಟ್ಟಣದ ತೋಪಿನ ಸದ್ದು ತೆಗೆದುಕೊಂಡಿತು.

ತಾಯಿಯ ಸೂತಕ ಕಳೆಯುವ ಮೊದಲೇ ಮಗನ ಸರದಿ ಬಂತು.

ಸಂಧಿಯ ಷರತ್ತುಗಳು ಕಠೋರವಾಗಿದ್ದವು. ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಸೆರೆಯಾಳುಗಳೆಲ್ಲರ ಬಿಡುಗಡೆ, ಮತ್ತು ಹಣ ಪೂರ್ತಿ ಸಲ್ಲುವ ತನಕ ಹಿರಿಯ ಮೂವರು ಮಕ್ಕಳಲ್ಲಿ ಇಬ್ಬರು ಒತ್ತೆ. ಆರಿಸಿದ್ದು ಹತ್ತು ವರ್ಷದ ಅಬ್ದುಲ್ ಖಾಲಿಕ್ ಮತ್ತು ಎಂಟು ವರ್ಷದ ಮುಯಿಜುದ್ದೀನ್. ಫೆಬ್ರವರಿ 26ರ ಮಧ್ಯಾಹ್ನ ಮಕ್ಕಳಿಬ್ಬರೂ ಆನೆಗಳ ಮೇಲೆ ಬೆಳ್ಳಿಯ ಅಂಬಾರಿಯಲ್ಲಿ ಕೋಟೆ ಬಾಗಿಲು ದಾಟಿದರು. ಬಿಳಿಯ ಮಸ್ಲಿನ್ ಅಂಗಿ, ಕೆಂಪು ಮುಂಡಾಸು, ಕೊರಳಲ್ಲಿ ದಪ್ಪ ಮುತ್ತಿನ ಸರಗಳು. ಮುಂದೆ ಒಂಟೆಯ ಹರಿಕಾರರು, ಹಸಿರು ಬಾವುಟದವರು, ಬೆಳ್ಳಿ ಕಟ್ಟಿನ ಈಟಿ ಹಿಡಿದ ನೂರು ಜನ. ಬಾಗಿಲ ಮೇಲಿನ ಕೋಟೆಗೋಡೆಯಲ್ಲಿ ನಿಂತು ಟಿಪ್ಪು ನೋಡುತ್ತಿದ್ದ. ಕೋಟೆಯಿಂದ ತೋಪು ಹಾರಿದವು, ಇಂಗ್ಲಿಷ್ ಪಾಳೆಯ ಇಪ್ಪತ್ತೊಂದು ಗುಂಡು ಹಾರಿಸಿ ಉತ್ತರಿಸಿತು.

ಡೈರೋಮ್ ಇಬ್ಬರ ಮುಖವನ್ನೂ ಗಮನವಿಟ್ಟು ನೋಡಿದ್ದಾನೆ. ದೊಡ್ಡವನದು ಕಪ್ಪು ಬಣ್ಣ, ನೀಳವಾದ, ಯೋಚನೆಯಲ್ಲಿ ಮುಳುಗಿದ ಮುಖ. ಚಿಕ್ಕವನು ಬೆಳ್ಳಗೆ, ದುಂಡು ಮುಖ, ಅರಳುಗಣ್ಣು, ಚುರುಕು. ತಾಯಿ ಹೋಗಿ ದಿನಗಳೇ ಆಗಿದ್ದರಿಂದ ನೋಡಿದವರಿಗೆಲ್ಲ ಚಿಕ್ಕವನ ಮೇಲೆ ಕರುಣೆ ಇಮ್ಮಡಿಯಾಯಿತಂತೆ. ಡೇರೆಯ ಬಾಗಿಲಲ್ಲಿ ಕಾರ್ನ್‌ವಾಲಿಸ್ ಇಬ್ಬರನ್ನೂ ಅಪ್ಪಿ ಒಳಗೆ ಕರೆದೊಯ್ದು ತನ್ನ ಎಡಬಲಕ್ಕೆ ಕೂರಿಸಿಕೊಂಡ. ಇವರು ಬೆಳಗಿನವರೆಗೆ ಸುಲ್ತಾನನ ಮಕ್ಕಳು, ಇನ್ನು ತಮ್ಮನ್ನೇ ತಂದೆಯೆಂದು ತಿಳಿಯಬೇಕು ಎಂದು ಟಿಪ್ಪುವಿನ ವಕೀಲ ಗುಲಾಂ ಅಲಿ ಒಪ್ಪಿಸಿದ. ಚಿನ್ನದ ಗಡಿಯಾರಗಳ ಉಡುಗೊರೆಯಾಯಿತು. ಮಕ್ಕಳು ಅಳಲಿಲ್ಲ, ದೊಡ್ಡವರ ಗಾಂಭೀರ್ಯದಲ್ಲಿ ನಡೆದುಕೊಂಡರು. ಎಂಟು ವರ್ಷದ ಹುಡುಗನಿಂದ ಇಂಥ ಗಾಂಭೀರ್ಯ ಕೇಳಿದ ಕಾಲ ಕ್ರೂರವಾದದ್ದು.

ಕೆಲವೇ ದಿನಗಳಲ್ಲಿ ಆ ತಂದೆತನದ ನಿಜ ರೂಪ ತಿಳಿಯಿತು. ಕೊಡಗೂ ತನಗೆ ಸೇರಬೇಕೆಂದು ಕಾರ್ನ್‌ವಾಲಿಸ್ ಹಟ ಹಿಡಿದ. ಟಿಪ್ಪು ಸಹಿ ಹಾಕಲು ಹಿಂಜರಿದ. ಕೂಡಲೇ ಮಕ್ಕಳ ಕಾವಲಿನವರ ಆಯುಧ ಕಸಿದು, ಹುಡುಗರನ್ನು ಬೆಂಗಳೂರಿನ ಕಡೆಗೆ ಸಾಗಿಸಲು ಏರ್ಪಾಡಾಯಿತು. ತಂದೆ ಮಣಿದ. ಮಾರ್ಚ್ 19ರಂದು ಅಂತಿಮ ಕರಾರಿನ ಪ್ರತಿಗಳನ್ನು ಕಾರ್ನ್‌ವಾಲಿಸ್‌ನ ಕೈಗೆ ಇಟ್ಟದ್ದು ಹತ್ತು ವರ್ಷದ ಅಬ್ದುಲ್ ಖಾಲಿಕ್. ತಂದೆಯ ಅರ್ಧ ರಾಜ್ಯವನ್ನು ಬರೆದುಕೊಟ್ಟ ಕಾಗದವನ್ನು ಮಗನ ಕೈಯಿಂದಲೇ ಈಸಿಕೊಂಡರು.

ಯುರೋಪಿಗೆ ಈ ದೃಶ್ಯ ಬಹಳ ಹಿಡಿಸಿತು. ಪಾಳೆಯದಲ್ಲಿದ್ದ ರಾಬರ್ಟ್ ಹೋಮ್ ಚಿತ್ರ ಬರೆದ. ಭಾರತದ ನೆಲವನ್ನೇ ಮೆಟ್ಟದ ಮ್ಯಾಥರ್ ಬ್ರೌನ್ ಲಂಡನ್ನಿನಲ್ಲಿ ಕೂತು ಮಕ್ಕಳು ಅಂತಃಪುರದಿಂದ ಹೊರಡುವುದನ್ನೂ ಕಲ್ಪಿಸಿ ಬರೆದ. ಅಚ್ಚಾಗಿ ಮಾರಾಟವಾದ ಈ ಚಿತ್ರಗಳಲ್ಲಿ ಕಾರ್ನ್‌ವಾಲಿಸ್ ಕರುಣಾಳು ತಂದೆ. ಗಿರೀಶ ಕಾರ್ನಾಡರು ‘ಟಿಪ್ಪುವಿನ ಕನಸುಗಳು’ ನಾಟಕದಲ್ಲಿ ಒತ್ತೆಯ ಈ ಪ್ರಸಂಗವನ್ನು ತಂದಾಗ ಕನ್ನಡದ ಪ್ರೇಕ್ಷಕರಿಗೆ ಅದು ಹೆತ್ತವನ ಸಂಕಟವಾಗಿ ಕಂಡಿತು. ರುಖಯ್ಯಾ ಬಾನುವಿನ ಸಾವನ್ನು ಮಾತ್ರ ಆ ಕಾಲದ ಚಿತ್ರಕಾರರು ಮುಟ್ಟಲಿಲ್ಲ. ಮಕ್ಕಳನ್ನು ಮುದ್ದಿನಿಂದ ಒತ್ತೆ ಇಟ್ಟುಕೊಂಡ ಕಥೆಗೆ ಅದು ಒಗ್ಗುತ್ತಿರಲಿಲ್ಲ.

ದಂಡದ ಹಣ ಸಲ್ಲಿಸಲು ಖಜಾನೆಯ ಜೊತೆಗೆ ಸೈನ್ಯ, ಅಧಿಕಾರಿಗಳು, ಪ್ರಜೆಗಳೆಲ್ಲ ತೆರಬೇಕಾಯಿತು. ಸುಲ್ತಾನನ ಇಬ್ಬರು ಮಕ್ಕಳನ್ನು ಬಿಡಿಸಿಕೊಳ್ಳಲು ಊರೂರಿನ ಒಕ್ಕಲು ಮನೆಗಳಿಂದ ಹಣ ಹೊರಟಿತು. ಎರಡು ವರ್ಷ ಮದರಾಸಿನಲ್ಲಿದ್ದ ಹುಡುಗರು 1794ರ ಮಾರ್ಚಿನಲ್ಲಿ, ಕ್ಯಾಪ್ಟನ್ ಡವ್ಟನ್ ಜೊತೆ ದೇವನಹಳ್ಳಿಗೆ ಬಂದರು. ಟಿಪ್ಪು ಹುಟ್ಟಿದ ಊರು ಅದು. ಮಕ್ಕಳು ತಂದೆಯ ಪಾದಕ್ಕೆ ತಲೆಯಿಟ್ಟರು. ಟಿಪ್ಪು ಮಾತಾಡದೆ ಅವರ ಕತ್ತನ್ನು ಮುಟ್ಟಿದ. ಹುಡುಗರು ಎದ್ದು ತಮ್ಮ ಜಾಗದಲ್ಲಿ ಕೂತರು. ದರ್ಬಾರಿನಲ್ಲಿ ಅಷ್ಟೇ ನಡೆದದ್ದು.

1794 ಈ ಸೀಮೆಗೆ ವಿಚಿತ್ರವಾದ ವರ್ಷ. ಮಕ್ಕಳು ಮರಳಿದ ಆ ವರ್ಷದ್ದೇ ಒಂದು ಪಾರಸಿ ಶಾಸನ, ಮುಂದೆ ಕೃಷ್ಣರಾಜಸಾಗರದ ಕೆಲಸ ನಡೆಯುವಾಗ ಕನ್ನಂಬಾಡಿಯಲ್ಲಿ ಸಿಕ್ಕಿತು. ರಾಜಧಾನಿಯ ಪಶ್ಚಿಮಕ್ಕೆ ಕಾವೇರಿಗೆ ಅಣೆಕಟ್ಟು ಕಟ್ಟಲು ತಳಪಾಯ ಹಾಕಿದ್ದಾಗಿಯೂ, ಅದರ ನೀರಿನಿಂದ ಹೊಸದಾಗಿ ಸಾಗುವಳಿ ಮಾಡುವ ರೈತರಿಗೆ ಕಂದಾಯದಲ್ಲಿ ರಿಯಾಯಿತಿ ಕೊಡುವುದಾಗಿಯೂ ಟಿಪ್ಪು ಅದರಲ್ಲಿ ಹೇಳಿಸಿದ್ದಾನೆ. ಅದೇ ವರ್ಷ ಜುಲೈ 14ರಂದು, ಅದೇ ಕೋಟೆಯೊಳಗೆ, ಖಾಸಾ ಚಾಮರಾಜ ಒಡೆಯರಿಗೂ ಕೆಂಪನಂಜಮ್ಮಣ್ಣಿಗೂ ಒಂದು ಗಂಡುಮಗು ಹುಟ್ಟಿತು. ಮುಮ್ಮಡಿ ಕೃಷ್ಣರಾಜ ಒಡೆಯರು. ಎರಡು ವರ್ಷಕ್ಕೆ ತಂದೆ ಹೋದ. ಟಿಪ್ಪು ಈ ಬಾರಿ ಹೆಸರಿಗೂ ಒಡೆಯರನ್ನು ಪಟ್ಟಕ್ಕೆ ಕೂರಿಸಲಿಲ್ಲ. ಮನೆಯವರನ್ನು ಅರಮನೆಯಿಂದ ಎಬ್ಬಿಸಿ ಒಂದು ಸಾಮಾನ್ಯ ಮನೆಗೆ ಸಾಗಿಸಲಾಯಿತು. ತನ್ನ ಮಕ್ಕಳು ಒತ್ತೆಯಾಳುಗಳಾಗಿದ್ದ ನೋವು ತಿಂದವನಿಗೆ, ತನ್ನ ಕೋಟೆಯೊಳಗೇ ಇನ್ನೊಂದು ಮನೆಯ ಕೂಸು ಕಾವಲಿನಲ್ಲಿ ಬೆಳೆಯುತ್ತಿರುವುದು ಕಾಣಲಿಲ್ಲ. ಟಿಪ್ಪುವನ್ನು ಮೆಚ್ಚುವವರೂ ಈ ಮಾತನ್ನು ಒಪ್ಪಬೇಕು.

ಕೊನೆಯ ಮುತ್ತಿಗೆಯ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. 1799ರ ಏಪ್ರಿಲ್ 5ರಂದು ಜನರಲ್ ಹ್ಯಾರಿಸ್ ಬಂದ. ಮೇ 3ಕ್ಕೆ ಗೋಡೆ ಬಿರುಕುಬಿಟ್ಟಿತು. ಮೇ 4ರ ಮಧ್ಯಾಹ್ನ ಒಂದರ ಸುಮಾರಿಗೆ ಡೇವಿಡ್ ಬೇರ್ಡ್ ಕತ್ತಿ ಹಿರಿದು ನದಿ ದಾಟಿದ. ಇದೇ ಕೋಟೆಯಲ್ಲಿ ಹಿಂದೆ ಮೂರು ವರ್ಷಕ್ಕೂ ಮಿಕ್ಕಿ ಸೆರೆಯಲ್ಲಿದ್ದವನು ಅವನು. ಸಂಜೆ, ಹೆಣಗಳು ಗುಡ್ಡೆ ಬಿದ್ದಿದ್ದ ಬಾಗಿಲೊಂದರಲ್ಲಿ ದೀವಟಿಗೆ ಹಿಡಿದು ಹುಡುಕಿದಾಗ ಟಿಪ್ಪು ಸಿಕ್ಕಿದ.

ಅದಕ್ಕೂ ಮೊದಲು ಅರಮನೆಯಲ್ಲಿ ನಡೆದದ್ದನ್ನು ಕಡಿಮೆ ಜನ ಬಲ್ಲರು. ಮೇಜರ್ ಅಲನ್ ಬಿಳಿ ಬಾವುಟ ಹಿಡಿದು ಒಳಹೊಕ್ಕಾಗ ಜಮಖಾನದ ಮೇಲೆ ಇಬ್ಬರು ರಾಜಕುಮಾರರು ಸೇವಕರ ನಡುವೆ ಕೂತಿದ್ದರು. ಅವರಲ್ಲೊಬ್ಬ ಮುಯಿಜುದ್ದೀನ್. ಏಳು ವರ್ಷದ ಹಿಂದೆ ಕಾರ್ನ್‌ವಾಲಿಸ್‌ಗೆ ಒಪ್ಪಿಸಲ್ಪಟ್ಟ ಹುಡುಗ ಇವನೇ ಎಂದು ನೆನೆದು ತನ್ನ ಮನಸ್ಸು ಕಲಕಿತೆಂದು ಅಲನ್ ಬರೆದುಕೊಂಡಿದ್ದಾನೆ. ತಂದೆ ಎಲ್ಲಿದ್ದಾನೆಂದು ಹುಡುಗರಿಗೇ ಗೊತ್ತಿರಲಿಲ್ಲ. ಅರಮನೆಯ ಬಾಗಿಲು ತೆರೆಯಲು ಅವರು ಬಹಳ ಹೊತ್ತು ಒಪ್ಪಲಿಲ್ಲ. ಹೆಂಗಸರ ಮಾನಕ್ಕೆ ಧಕ್ಕೆ ಬಾರದೆಂದು ಅಲನ್ ಮಾತು ಕೊಟ್ಟ ಮೇಲೆ ಬಾಗಿಲು ತೆರೆಯಿತು. ಮಗ ಎರಡನೆಯ ಬಾರಿ ಇಂಗ್ಲಿಷರ ಕೈಸೇರಿದ. ವಯಸ್ಸು ಹದಿನೈದು.

ಮರುದಿನ ಶವಯಾತ್ರೆ. ಅಬ್ದುಲ್ ಖಾಲಿಕ್ ತಂದೆಯ ಚಟ್ಟದ ಹಿಂದೆ ಕುದುರೆಯ ಮೇಲೆ ಬಂದ. ಗುಂಬಜ್‌ನಲ್ಲಿ ಹೈದರ್, ಫಾತಿಮಾ ಬೇಗಂ ಅವರ ಪಕ್ಕ ಟಿಪ್ಪುವನ್ನು ಮಣ್ಣು ಮಾಡಿದರು. ಆ ಸಂಜೆ ಗುಡುಗು ಸಿಡಿಲಿನ ಮಳೆ ಹೊಡೆಯಿತು, ಇಂಗ್ಲಿಷ್ ಪಾಳೆಯದಲ್ಲಿ ಸಿಡಿಲಿಗೆ ಅಧಿಕಾರಿಗಳೂ ಸತ್ತರು. ಹಿಂದಿನ ರಾತ್ರಿಯೆಲ್ಲ ಪಟ್ಟಣ ಲೂಟಿಯಾಗಿತ್ತು. ಕೊಳ್ಳೆ ಹೋಗದ ಮನೆ ಇಲ್ಲವೆಂಬಷ್ಟು. ಆರ್ಥರ್ ವೆಲ್ಲೆಸ್ಲಿ ಅಧಿಕಾರ ವಹಿಸಿಕೊಂಡು ನಾಲ್ವರನ್ನು ನೇಣಿಗೆ ಹಾಕಿದ ಮೇಲೆ ಕೈಗಳು ನಿಂತವು. ಸಿಂಹಾಸನ ಒಡೆದು ಹಂಚಿದರು. ಪುಸ್ತಕ ಭಂಡಾರ ಹಡಗೇರಿತು. ಪಟ್ಟಣದ ಜನಸಂಖ್ಯೆ ಟಿಪ್ಪುವಿನ ಕಾಲದಲ್ಲಿ ಒಂದೂವರೆ ಲಕ್ಷವಿತ್ತೆಂಬ ಅಂದಾಜಿದೆ. 1800ರಲ್ಲಿ ಎಣಿಸಿದಾಗ ಸಿಕ್ಕಿದ್ದು 31,895.

ಜೂನ್ ತಿಂಗಳಲ್ಲಿ ಒಂದೇ ಊರಿನಿಂದ ಎರಡು ಮನೆಗಳು ಎರಡು ದಿಕ್ಕಿಗೆ ಹೊರಟವು. ಟಿಪ್ಪುವಿನ ಹಿರಿಯ ಮಕ್ಕಳನ್ನು ವೆಲ್ಲೂರಿನ ಕೋಟೆಗೆ ಸಾಗಿಸಿದರು. ಅಂತಃಪುರದ ನೂರಾರು ಹೆಂಗಸರು ಆಮೇಲೆ ಹೊರಟರು. ಅದೇ ಹೊತ್ತಿಗೆ ಕಂಪನಿಯ ಆಯೋಗದವರು ಲಕ್ಷ್ಮಮ್ಮಣ್ಣಿಯ ಮನೆ ಹುಡುಕಿಕೊಂಡು ಬಂದರು. ಅವರು ಕಂಡದ್ದು ಕಡುಬಡತನ. ಇನ್ನೂ ಐದು ತುಂಬದ ಮಗುವನ್ನು ಮೈಸೂರಿಗೆ ಕರೆದೊಯ್ದು ಜೂನ್ 30ರಂದು ಪಟ್ಟಕಟ್ಟಿದರು. ಮೈಸೂರಿನ ಹಳೆಯ ಅರಮನೆ ನೆಲಸಮವಾಗಿತ್ತು, ಸಮಾರಂಭ ನಡೆದದ್ದು ಚಪ್ಪರದಲ್ಲಿ. ಮೂವತ್ತಮೂರು ವರ್ಷ ಕಾದ ವಿಧವೆಯ ಹಟ ಗೆದ್ದಿತು. ಆದರೆ ರಾಜ್ಯ ಚಿಕ್ಕದಾಗಿತ್ತು, ವರ್ಷಕ್ಕೆ 7 ಲಕ್ಷ ವರಹ ಕಂಪನಿಗೆ ಸಲ್ಲಬೇಕಿತ್ತು, ಅವಳ ಬದುಕೆಲ್ಲ ಕಳೆದ ಶ್ರೀರಂಗಪಟ್ಟಣವನ್ನು ಇಂಗ್ಲಿಷರು ತಾವೇ ಇಟ್ಟುಕೊಂಡರು. ಅದು ಮೈಸೂರಿಗೆ ಮರಳಿದ್ದು 1881ರಲ್ಲಿ. 

ವೆಲ್ಲೂರಿನಲ್ಲೂ ನೆಮ್ಮದಿ ಸಿಗಲಿಲ್ಲ. 1806ರ ಜುಲೈನಲ್ಲಿ ಟಿಪ್ಪುವಿನ ಮಗಳೊಬ್ಬಳ ಮದುವೆಯ ಸಡಗರದ ಬೆನ್ನಿಗೇ, 10ರ ನಸುಕಿನಲ್ಲಿ ಸಿಪಾಯಿಗಳು ದಂಗೆ ಎದ್ದು ಮೈಸೂರಿನ ಬಾವುಟ ಏರಿಸಿದರು. ದಂಗೆ ಒಂದೇ ದಿನದಲ್ಲಿ ರಕ್ತದಲ್ಲಿ ಮುಗಿಯಿತು. ರಾಜಕುಮಾರರನ್ನು ಹಡಗಿನಲ್ಲಿ ಕಲ್ಕತ್ತೆಗೆ ಕಳಿಸಿದರು. ಕನ್ನಡ ಸೀಮೆಗೆ ಅವರು ಮರಳಲಿಲ್ಲ. ರುಖಯ್ಯಾ ಬಾನುವಿನ ಮಗ ಮುಯಿಜುದ್ದೀನ್ ಅಲ್ಲೇ ಸತ್ತ. ಶ್ರೀರಂಗಪಟ್ಟಣ ಬಿಡುವಾಗ ಚಿಕ್ಕ ಮಗುವಾಗಿದ್ದ ಟಿಪ್ಪುವಿನ ಇನ್ನೊಬ್ಬ ಮಗ ಗುಲಾಂ ಮೊಹಮ್ಮದ್ 1842ರಲ್ಲಿ ಕಲ್ಕತ್ತೆಯ ಧರ್ಮತಲಾದಲ್ಲಿ ತಂದೆಯ ಹೆಸರಿನ ಮಸೀದಿ ಕಟ್ಟಿಸಿದ, 1872ರವರೆಗೆ ಬಾಳಿದ. ದಕ್ಷಿಣ ಕೋಲ್ಕತ್ತದ ಪ್ರಿನ್ಸ್ ಅನ್ವರ್ ಷಾ ರಸ್ತೆಯ ಹೆಸರೂ ಈ ವಂಶದ್ದೇ.

ಈ ನಾಲ್ಕು ತಾಲ್ಲೂಕುಗಳಲ್ಲಿ ಟಿಪ್ಪುವಿನ ಹೆಸರೆತ್ತಿದರೆ ಜಗಳ, ಒಡೆಯರ ಹೆಸರೆತ್ತಿದರೆ ಇನ್ನೊಂದು ಜಗಳ ಎಂಬಂತಾಗಿದೆ. ಒಂದೇ ಕೋಟೆಯೊಳಗೆ ಬದುಕಿದ ರುಖಯ್ಯಾ ಬಾನು ಮತ್ತು ಲಕ್ಷ್ಮಮ್ಮಣ್ಣಿಯ ಕಥೆಗಳನ್ನು ಬೇರೆ ಬೇರೆ ಪಾಠಗಳಲ್ಲಿ ಹೇಳಿದ್ದರ ಫಲ ಇದು. ಮಂಡ್ಯ ಜಿಲ್ಲೆಯ ಶಾಲೆಗಳ ಮೇಷ್ಟ್ರುಗಳು ಮಕ್ಕಳನ್ನು ದರಿಯಾ ದೌಲತ್‌ಗೆ ಕರೆತಂದಾಗ ಈ ಇಬ್ಬರು ಹೆಂಗಸರ ಹೆಸರನ್ನೂ, ಸುಟ್ಟುಹೋದ ನಾಗಮಂಗಲವನ್ನೂ, ಮೇಲುಕೋಟೆಯ ಆಚರಿಸದ ಹಬ್ಬವನ್ನೂ ಒಟ್ಟಿಗೆ ಹೇಳಿಕೊಡಲಿ.